ಮಲಗಬ್ಯಾಡ ದೊಡ್ಡವ್ವಾ

“ತಾರೀಖು ಕೊಟ್ಟಾರವ್ವಾ ಹುಬ್ಬಳ್ಳ್ಯಾಗ. ಮೊದಲ ಬಲಗಾಲು, ಎಡಗಾಲು ಆಮ್ಯಾಲಂತ. ಇನ್ನ ಅಲ್ಲೀಮಟಾ ಎಲ್ಲೂ ಅಡ್ಡಾಡೂದಿಲ್ಲ ನೋಡು. ಮಲಕೊಂಡು ಕಾಲಿಗೆ ಆರಾಮ ಕೊಡಾಕಿ.”

ಬೇಲಿಯಾಚೆ ನಿಂತು ಇಷ್ಟು ಹೇಳುವಾಗ ದೊಡ್ಡವ್ವನ ಮುಖದಲ್ಲಿ ಸಮಾಧಾನವಿತ್ತು. ವರ್ಷಗಟ್ಟಲೆ ಎಣ್ಣೆ ತಿಕ್ಕಿ, ಎಕ್ಕೆ ಎಲೆ ಕಾಸಿ ಕಟ್ಟಿ, ಗುಳಿಗೆ ನುಂಗಿ, ಇಂಜೆಕ್ಷನ್ ಮಾಡಿಸಿಕೊಂಡು, ಕಡೆಗೊಮ್ಮೆ ಧೈರ್ಯ ಮಾಡಿದ್ದಾಳೆ. ಜೋಳದ ಸುಗ್ಗಿ ಮುಗಿದಿದೆ, ಮಗನ ಕೈ ಬಿಡುವಾಗಿದೆ. ನಮ್ಮೂರು ಅಡರಕಟ್ಟಿಯಲ್ಲಿ ಮಂಡಿ ಆಪರೇಷನ್ನಿನ ಮಾತು ಬರುವುದೇ ಹೊಲದ ಕೆಲಸ ತೀರಿದ ಮೇಲೆ. ಅಲ್ಲಿಯವರೆಗೆ ನೋವೂ ಕಾಯಬೇಕು. ಅವಳ ನಿರ್ಧಾರ ಕೇಳಿ ನನಗೆ ಸಂತೋಷವಾಯಿತು, ಆದರೆ ಆ ಮಲಗುವ ಮಾತು ಸರಿಬರಲಿಲ್ಲ. ಒಣಹಾಕಲು ತಂದ ಬಟ್ಟೆಯ ಬುಟ್ಟಿ ಅಲ್ಲೇ ಇಟ್ಟು ಬೇಲಿಯ ಹತ್ತಿರ ಹೋದೆ.

“ಮಲಗಬ್ಯಾಡ ದೊಡ್ಡವ್ವಾ. ಈಗಿಂದನ ಕಾಲಿಗೆ ಕೆಲಸ ಹಚ್ಚಬೇಕು.”

“ಅಯ್ಯ, ಸವದ ಕಾಲಿಗೆ ಎಂಥಾ ಕೆಲಸ ಹಚ್ಚತಿ? ಹೆಂಗೂ ಚಿಪ್ಪು ತಗದು ಹೊಸಾದು ಹಾಕ್ತಾರಲ್ಲ.”

ನಮ್ಮ ಕಡೆ ಬಹಳ ಮಂದಿ ಹೀಗೇ ತಿಳಿದಿದ್ದಾರೆ. ಚಿಪ್ಪು ಬದಲಾಯಿತು, ಕಾಲು ಹೊಸದಾಯಿತು, ಎದ್ದು ನಡೆದರಾಯಿತು ಅಂತ. ಡಾಕ್ಟರು ಮಾಡುವುದು ಬೇರೆ. ತೊಡೆಯ ಎಲುಬಿನ ಕೆಳತುದಿಯನ್ನೂ ಕೆಳಗಾಲಿನ ಎಲುಬಿನ ಮೇಲ್ತುದಿಯನ್ನೂ ಅಳತೆ ಹಿಡಿದು ಕೆತ್ತಿ, ಎರಡಕ್ಕೂ ಲೋಹದ ಹೊದಿಕೆ ಕೂರಿಸುತ್ತಾರೆ. ನಡುವೆ ಗಟ್ಟಿ ಪ್ಲಾಸ್ಟಿಕ್ಕಿನ ಹಲಗೆ. ಚಿಪ್ಪು ಇದ್ದಲ್ಲೇ ಇರುತ್ತದೆ. ಕೆಲವರಿಗೆ ಅದರ ಒಳಮೈಗಷ್ಟೇ ಒಂದು ಪ್ಲಾಸ್ಟಿಕ್ ಬಿಲ್ಲೆ ಅಂಟಿಸುತ್ತಾರೆ. ಸವೆದ ಎಲುಬಿನ ನೋವು ಹೋಗುತ್ತದೆ, ಸೊಟ್ಟಗಾದ ಕಾಲು ನೆಟ್ಟಗಾಗುತ್ತದೆ. ಆದರೆ ಆ ಕಾಲನ್ನು ಎತ್ತುವ, ಇಡುವ, ಮಡಿಸುವ ಸ್ನಾಯುಗಳು ದೊಡ್ಡವ್ವ ಮನೆಯಿಂದ ಒಯ್ದವೇ. ಅವನ್ನು ಯಾವ ಆಸ್ಪತ್ರೆಯೂ ಬದಲಿಸಿಕೊಡುವುದಿಲ್ಲ.

ಅದರಲ್ಲೂ ತೊಡೆಯ ಮುಂಭಾಗದ ಸ್ನಾಯು. ಕುರ್ಚಿಯಿಂದ ಎಬ್ಬಿಸುವುದು ಅದೇ, ಮೆಟ್ಟಿಲು ಇಳಿಯುವಾಗ ಮಂಡಿ ಕುಸಿಯದಂತೆ ಹಿಡಿಯುವುದೂ ಅದೇ. ನೋವಿನ ಕಾಲಿನ ಮೇಲೆ ಭಾರ ಹಾಕದೆ ವರ್ಷಗಟ್ಟಲೆ ನಡೆದವರಲ್ಲಿ ಅದು ಮೊದಲೇ ಸೊರಗಿರುತ್ತದೆ. ಆಪರೇಷನ್ ಆದ ಮೊದಲ ತಿಂಗಳಲ್ಲಿ ಅದರ ಬಲ ಇನ್ನೂ ಇಳಿಯುತ್ತದೆ. ಅಳೆದು ನೋಡಿದವರು ಅರ್ಧಕ್ಕಿಂತ ಹೆಚ್ಚು ಇಳಿದದ್ದನ್ನು ಕಂಡಿದ್ದಾರೆ. ಇದ್ದುದೇ ಚೂರು ಬಲವಾದರೆ, ಅದರಲ್ಲಿ ಅರ್ಧ ಹೋದ ಮೇಲೆ ಉಳಿಯುವುದೆಷ್ಟು? ತಾರೀಖು ಸಿಕ್ಕ ದಿನದಿಂದ ಹೋಗುವ ದಿನದವರೆಗಿನ ವಾರಗಳು ಅದಕ್ಕೇ ಅಷ್ಟು ಮುಖ್ಯ. ಮೊದಲೇ ವ್ಯಾಯಾಮ ಮಾಡಿಕೊಂಡು ಹೋದವರಿಗೆ ಆಪರೇಷನ್ ಆದ ಶುರುವಿನ ವಾರಗಳು ಹಗುರಾಗುತ್ತವೆ. ಮನೆಮಂದಿಯೆಲ್ಲ ಕಣ್ಣೀರು ಹಾಕುವುದು ಆ ವಾರಗಳಲ್ಲೇ.

“ಹಿತ್ತಲ ಕಟ್ಟಿ ಮ್ಯಾಲ ಕಾಲು ಚಾಚಿ ಕುಂದರು ನೋಡೂಣು,” ಅಂದೆ. ದೊಡ್ಡವ್ವ ಕೂತಳು. ಟವೆಲ್ಲೊಂದನ್ನು ದುಂಡಗೆ ಸುತ್ತಿ ಬೇಲಿಯ ಮೇಲಿಂದ ಕೊಟ್ಟೆ. “ಮಣಕಾಲ ಕೆಳಗ ಇಡು. ಈಗ ಮಣಕಾಲಿಂದ ಅದನ್ನ ನೆಲಕ್ಕ ಒತ್ತು. ಒತ್ತಿ ಹಿಡಕೊಂಡು ಐದರಮಟಾ ಎಣಿಸು. ಉಸುರು ಹಿಡೀಬ್ಯಾಡ, ಬಾಯಿಬಿಟ್ಟ ಎಣಿಸು.”

ಎಡಗಾಲಿಂದ ಒತ್ತಿದಾಗ ಚಿಪ್ಪಿನ ಮೇಲಿನ ಮಾಂಸಖಂಡ ಎದ್ದು ಗಟ್ಟಿಯಾಯಿತು, ಚಿಪ್ಪು ತೊಡೆಯ ಕಡೆಗೆ ಜಗ್ಗಿಕೊಂಡಿತು. ಬೇಲಿಯಾಚೆಯಿಂದಲೇ ಕಾಣುತ್ತಿತ್ತು. ಬಲಗಾಲಿಗೆ ಬಂದಾಗ ಮುಖವೆಲ್ಲ ಬಿಗಿಯಾಯಿತೇ ಹೊರತು ತೊಡೆ ಮೆತ್ತಗೇ ಉಳಿಯಿತು. ಎರಡು ತೊಡೆಗಳನ್ನು ಅಕ್ಕಪಕ್ಕ ನೋಡಿದರೆ ಬಲಗಡೆಯದು ತೆಳ್ಳಗಾಗಿರುವುದು ಎದ್ದು ತೋರುತ್ತಿತ್ತು. ದೊಡ್ಡವ್ವನಿಗೂ ಅದು ಆಗಲೇ ಗೊತ್ತಾದದ್ದು. ಕೈಯಿಟ್ಟು ಮುಟ್ಟಿ ನೋಡಿಕೊಂಡಳು.

“ಇದು ಯಾವಾಗ ಹಿಂಗ ಸಣ್ಣಾತು?”

“ಕುಂಟಕೋಂತ ಅಡ್ಡಾಡಿದಿಯಲ್ಲ, ಆವಾಗಿಂದ. ತೊಡಿ ಮ್ಯಾಲ ಕೈ ಇಟಗೊಂಡ ಒತ್ತು, ಬಿಗಿ ಆದದ್ದು ಕೈಗೆ ಹತ್ತತೈತಿ.”

ನಾಲ್ಕೈದು ಸಲ ಒತ್ತಿದ ಮೇಲೆ ಬಲಗಾಲೂ ಮೆಲ್ಲಗೆ ಮಾತು ಕೇಳಿತು. ಹತ್ತು ಸಲ, ದಿನಕ್ಕೆ ಮೂರು ಹೊತ್ತು. ರೊಟ್ಟಿ ಬೇಯುವವರೆಗೆ ಕಾಯುವಾಗ, ಟಿವಿ ಮುಂದೆ ಕೂತಾಗ. ಇದಾದ ಮೇಲೆ ಅಂಗಾತ ಮಲಗಿ, ಒಂದು ಕಾಲು ಮಡಚಿ, ಇನ್ನೊಂದನ್ನು ಮಂಡಿ ಬಗ್ಗಿಸದೆ ಒಂದು ಗೇಣು ಮೇಲೆತ್ತಿ ಮೆಲ್ಲಗೆ ಇಳಿಸುವುದು. ಆಮೇಲೆ ಕೈಯಿರುವ ಕುರ್ಚಿಯಿಂದ ಏಳುವುದು, ಕೂರುವುದು. ವಾಕರ್ ಹಿಡಿದಾಗ ಮೈಭಾರದ ಒಂದು ಪಾಲು ತೋಳಿಗೆ ಬರುವುದರಿಂದ ತೋಳಿಗೂ ಈಗಲೇ ಅಭ್ಯಾಸ ಬೇಕು. ವಾಕರನ್ನೂ ಮೊದಲೇ ತರಿಸಿ ಅಂಗಳದಲ್ಲಿ ನಡೆದು ನೋಡುವುದು ಒಳ್ಳೆಯದು. ನೆಟ್ಟಗೆ ನಿಂತು ಕೈ ಇಳಿಬಿಟ್ಟರೆ ಅದರ ಹಿಡಿಕೆ ಮಣಿಕಟ್ಟಿನ ಮಟ್ಟಕ್ಕೆ ಬರಬೇಕು. ಎಷ್ಟೋ ಮನೆಗಳಲ್ಲಿ ಅತ್ತೆಯ ವಾಕರನ್ನೇ ಅತ್ತಿಗೆಗೂ ಕೊಡುತ್ತಾರೆ, ಎತ್ತರ ಬದಲಿಸುವ ಗುಂಡಿಗಳಿರುವುದನ್ನು ಯಾರೂ ನೋಡುವುದಿಲ್ಲ.

“ನಿನ್ನ ಕಾಲಿನ ಗಾಯ ಹೆಂಗೈತಿ? ಹೊಲದಾಗ ಮುಳ್ಳು ನೆಟ್ಟಿತ್ತಲ್ಲ, ವಾಸಿ ಆತೇನು?” ಕೇಳಿದೆ. ಅಂಗಾಲು ತೋರಿಸಿದಳು. ಒಣಗಿದೆ, ಆದರೂ ಡಾಕ್ಟರಿಗೆ ತೋರಿಸಲೇಬೇಕು. ಮೈಯಲ್ಲಿ ಎಲ್ಲೇ ಕೀವಿದ್ದರೂ ಆಪರೇಷನ್ ಮುಂದೂಡುತ್ತಾರೆ. ಅಲ್ಲಿಯ ಸೋಂಕು ರಕ್ತದೊಳಗಿಂದ ಹೊಸ ಕೀಲಿಗೆ ಹೋಗಿ ಕೂತರೆ ಬಿಡಿಸುವುದು ಬಹಳ ಕಷ್ಟ. ಹಲ್ಲು ಹುಳುಕಾಗಿದ್ದರೆ ಅದನ್ನೂ ಮೊದಲು ನೋಡಿಸಬೇಕು, ಸಕ್ಕರೆ ಕಾಯಿಲೆ ಹತೋಟಿಗೆ ಬರಬೇಕು. ಬರಿಗಾಲಲ್ಲಿ ಹೊಲಕ್ಕೆ ಹೋಗುವುದನ್ನು ಇವತ್ತಿನಿಂದಲೇ ಬಿಡು ಅಂದೆ.

ಅಷ್ಟರಲ್ಲಿ ದೊಡ್ಡಪ್ಪ ಎಮ್ಮೆಗೆ ಮೇವು ಹಾಕಿ ಬಂದರು. “ವಾಜಪೇಯಿಯವರು ಮಾಡಿಸಿಕೊಂಡಿದ್ದರಲ್ಲ, ಪ್ರಧಾನಿ ಇದ್ದಾಗ. ಪೇಪರಿನಾಗ ದಿನಾ ಬರತಿತ್ತು,” ಎಂದರು. ಅವರ ನೆನಪು ಸರಿಯಾಗಿತ್ತು. 2000ದ ಅಕ್ಟೋಬರಿನಲ್ಲಿ ಮುಂಬೈಯ ಬ್ರೀಚ್ ಕ್ಯಾಂಡಿ ಆಸ್ಪತ್ರೆಯಲ್ಲಿ ವಾಜಪೇಯಿಯವರ ಎಡ ಮಂಡಿ, 2001ರ ಜೂನ್‌ನಲ್ಲಿ ಬಲ ಮಂಡಿ. ಎರಡನ್ನೂ ಮಾಡಿದವರು ನ್ಯೂಯಾರ್ಕಿನಿಂದ ಬಂದ ಡಾ. ಚಿತ್ತರಂಜನ್ ರಾಣಾವತ್. ಹುಟ್ಟಿದ್ದು ಮಧ್ಯಪ್ರದೇಶದ ಸರವಾನಿಯಾ ಎಂಬ ಹಳ್ಳಿಯಲ್ಲಿ. ಇವತ್ತು ಜಗತ್ತಿನಲ್ಲೆಲ್ಲ ಹಾಕುವ ಮಂಡಿಗಳ ಮೂಲ ಮಾದರಿ 1974ರಲ್ಲಿ ನ್ಯೂಯಾರ್ಕಿನ ಆಸ್ಪತ್ರೆಯೊಂದರಲ್ಲಿ ರೂಪುಗೊಂಡಾಗ ಅದರ ಹಿಂದಿದ್ದ ಮೂವರಲ್ಲಿ ಇವರೂ ಒಬ್ಬರು. ಈ ಆಪರೇಷನ್ ನಮ್ಮ ದೇಶದ ಮನೆಮನೆಗೆ ಗೊತ್ತಾದದ್ದು ಪ್ರಧಾನಿಯ ಮಂಡಿಯಿಂದಲೇ ಅನ್ನಬಹುದು. ನನಗೆ ಅದರಲ್ಲಿ ಮುಖ್ಯವಾಗಿ ಕಾಣುವುದು ಬೇರೆ ಸಂಗತಿ. ಜೂನ್‌ನಲ್ಲಿ ಎರಡನೇ ಮಂಡಿ, ಜುಲೈ ನಡುವಿನಲ್ಲಿ ಆಗ್ರಾದಲ್ಲಿ ಪಾಕಿಸ್ತಾನದ ಮುಷರಫ್ ಜೊತೆ ಮಾತುಕತೆ. ಎಪ್ಪತ್ತಾರು ದಾಟಿದ ಮನುಷ್ಯ ಒಂದೂಕಾಲು ತಿಂಗಳೊಳಗೆ ಎದ್ದು ಓಡಾಡಿದ್ದು ಬರೀ ಲೋಹದ ಬಲದಿಂದಲ್ಲ. ದಿನವೂ ಹತ್ತಿರ ನಿಂತು ಕಾಲು ಮಡಿಸಿ, ನಡೆಸಿದವರು ಇದ್ದೇ ಇರುತ್ತಾರೆ. ನಮಗೆಲ್ಲ ಆಪರೇಷನ್ ನೆನಪಿದೆ, ಆ ಮುಂದಿನ ದಿನಗಳು ನೆನಪಿಲ್ಲ.

“ಅವರಿಗೆ ಮಂದಿ ಇದ್ದರು. ನನಗ ಯಾರದಾರ?” ಅಂದಳು ದೊಡ್ಡವ್ವ.

ಮಂದಿ ಇದ್ದಾರೆ. ಬೇಕಾದ್ದಕ್ಕಿಂತ ಹೆಚ್ಚೇ ಇದ್ದಾರೆ. ನನ್ನ ಅವ್ವನಿಗೆ ಎರಡೂ ಮಂಡಿ ಮಾಡಿಸಿದಾಗ ಜೊತೆಗಿದ್ದವಳು ನಾನು. ಆಗಿನಿಂದ ನಮ್ಮೂರಲ್ಲಿ, ಲಕ್ಷ್ಮೇಶ್ವರದಲ್ಲಿ, ಶಿರಹಟ್ಟಿಯ ಬೀಗರ ಮನೆಗಳಲ್ಲಿ ಆಪರೇಷನ್ ಆದವರನ್ನು ಮಾತಾಡಿಸಲು ಹೋದಾಗಲೆಲ್ಲ ಒಂದೇ ನೋಟ ಕಾಣುತ್ತೇನೆ. ರೋಗಿಯನ್ನು ಬಾಣಂತಿಯ ಹಾಗೆ ಕೋಣೆಯಲ್ಲಿ ಮಲಗಿಸಿ, ಕಿವಿ ಮುಚ್ಚಿ ಕಟ್ಟಿ, ಊಟ ಹಾಸಿಗೆಗೇ ತಂದುಕೊಟ್ಟು, ಮಂಡಿಯ ಕೆಳಗೊಂದು ಮೆತ್ತನೆ ದಿಂಬು ಇಟ್ಟಿರುತ್ತಾರೆ. ಬಂದವರೆಲ್ಲ “ಏಳಬ್ಯಾಡ್ರಿ, ಮಲಕೋರಿ” ಅನ್ನುತ್ತಾರೆ. ಎಲ್ಲ ಪ್ರೀತಿಯಿಂದಲೇ. ಮಂಡಿ ಬಿಗಿಯುವುದೂ ಆ ಪ್ರೀತಿಯಿಂದಲೇ.

ಆ ದಿಂಬಿನ ಮಾತು ವಿವರವಾಗಿ ಹೇಳಬೇಕು. ಊದಿಕೊಂಡ ಮಂಡಿಗೆ ಚೂರು ಮಡಿಸಿ ಇಟ್ಟರೆ ಹಿತ. ರೋಗಿಯೇ “ದಿಂಬು ಕೊಡ” ಅನ್ನುತ್ತಾರೆ, ಕರುಳಿದ್ದ ಮಕ್ಕಳು ಕೊಡುತ್ತಾರೆ. ರಾತ್ರಿಯೆಲ್ಲ ಹಾಗೆ ಮಲಗಿದರೆ ಮಂಡಿಯ ಹಿಂಭಾಗ ಅದೇ ಮಡಿಕೆಯಲ್ಲಿ ಕುಗ್ಗಿ ಬಿಗಿದುಕೊಳ್ಳುತ್ತದೆ. ಕೆಲವು ವಾರ ಕಳೆದ ಮೇಲೆ ನಿಲ್ಲಿಸಿ ನೋಡಿದರೆ ಕಾಲು ನೆಟ್ಟಗಾಗುವುದಿಲ್ಲ. ಅಂಥ ಕಾಲು ಗಿಡ್ಡವಾದಂತಾಗಿ ಮತ್ತೆ ಕುಂಟು, ಸೊಂಟ ನೋವು. ಲಕ್ಷ ರೂಪಾಯಿಯ ಕೆಲಸ ಒಂದು ದಿಂಬಿಗೆ ಹಾಳು. ದಿಂಬೋ ಟವೆಲ್ ಸುರುಳಿಯೋ ಇಡುವುದಾದರೆ ಹಿಮ್ಮಡದ ಕೆಳಗೆ ಇಡಬೇಕು, ಮಂಡಿ ತನ್ನ ಭಾರಕ್ಕೆ ತಾನೇ ಕೆಳಗಿಳಿದು ನೆಟ್ಟಗಾಗಲಿ ಅಂತ. ಹತ್ತು ನಿಮಿಷ ಹಾಗಿಟ್ಟರೆ ಜೋರು ನೋಯುತ್ತದೆ, ನಿಜ. ಒತ್ತುವ ವ್ಯಾಯಾಮಕ್ಕೆ ಮಂಡಿ ಕೆಳಗಿಟ್ಟ ಟವೆಲ್ಲನ್ನು ವ್ಯಾಯಾಮ ಮುಗಿದ ಕೂಡಲೇ ತೆಗೆಯಬೇಕು.

“ಹಂಗಾರ ಯಾವಾಗ ಏಳಬೇಕು?”

“ಅವತ್ತ, ಇಲ್ಲಾ ಮರುದಿನ.”

ದೊಡ್ಡವ್ವ ಕಣ್ಣರಳಿಸಿದಳು. ಜಾನ್ ಚಾರ್ನ್ಲಿ ಎಂಬ ಇಂಗ್ಲೆಂಡಿನ ಡಾಕ್ಟರು 1962ರಲ್ಲಿ ಇಂದಿನ ಮಾದರಿಯ ಚಪ್ಪೆಕೀಲು, ಅಂದರೆ ಸೊಂಟದ ಕೀಲು, ಹಾಕಿದ ಕಾಲದಲ್ಲಿ ರೋಗಿಗಳನ್ನು ವಾರಗಟ್ಟಲೆ ಹಾಸಿಗೆಯಲ್ಲೇ ಇಡುತ್ತಿದ್ದರು. ಈಗ ಹಾಗಿಲ್ಲ. ಅರಿವಳಿಕೆ ಇಳಿದು ಪಾದ ಆಡಿಸಲು ಬಂದರೆ ವ್ಯಾಯಾಮ ಮಾಡಿಸುವ ಫಿಜಿಯೋ ಬಂದು ನಿಲ್ಲುತ್ತಾರೆ. ಮೊದಲು ಪಾದ ಮೇಲೆ ಕೆಳಗೆ ಆಡಿಸುವುದು, ಎಚ್ಚರ ಇದ್ದಾಗಲೆಲ್ಲ ತಾಸಿಗೊಮ್ಮೆ. ಕಾಲಿನ ರಕ್ತ ನಿಂತು ಹೆಪ್ಪುಗಟ್ಟದಿರಲು ಇದು ಬೇಕೇ ಬೇಕು. ಆಮೇಲೆ ಮಂಚದ ಅಂಚಿಗೆ ಕೂರಿಸಿ, ವಾಕರ್ ಕೊಟ್ಟು, ನಾಲ್ಕು ಹೆಜ್ಜೆ. ಹೊಸ ಮಂಡಿಯ ಮೇಲೆ ಭಾರ ಹಾಕಿದರೆ ಅದು ಕಳಚುತ್ತದೆ ಅನ್ನುವ ಭಯ ಎಲ್ಲರಿಗೂ ಇದೆ. ಸಾಮಾನ್ಯವಾಗಿ ಅದು ಮೊದಲ ದಿನವೇ ಭಾರ ಹೊರುವ ಹಾಗೆ ಕೂರಿಸಿದ ಕೀಲು. ಬೇರೆ ಕಾರಣದಿಂದ ಬೇಡವೆಂದರೆ ಡಾಕ್ಟರೇ ಹೇಳುತ್ತಾರೆ.

ಮಡಿಸುವುದೇ ಕಷ್ಟದ ಪಾಠ. ಸಮನೆಲದ ಮೇಲೆ ನಡೆಯಲು ಮಂಡಿ ಸುಮಾರು 65–70 ಡಿಗ್ರಿ ಮಡಿಸಿದರೆ ಸಾಕು, ಮೆಟ್ಟಿಲಿಗೆ 90ರ ಹತ್ತಿರ, ಕುರ್ಚಿಯಿಂದ ಸಲೀಸಾಗಿ ಏಳಲು ಅದಕ್ಕಿಂತ ತುಸು ಹೆಚ್ಚು. ಮೊದಲ ಎರಡು ವಾರದಲ್ಲಿ 90, ಮೂರು ತಿಂಗಳಾಗುವಷ್ಟರಲ್ಲಿ 110–120 ಬರಲಿ ಅಂತ ಫಿಜಿಯೋಗಳು ನೋಡುತ್ತಾರೆ. ಮೊದಲ ವಾರಗಳಲ್ಲಿ ಬಿಟ್ಟದ್ದನ್ನು ಆಮೇಲೆ ಗಳಿಸುವುದು ಕಷ್ಟ, ಒಳಗೆ ಗಾಯದ ನಾರು ಕಟ್ಟಿಕೊಂಡು ಮಂಡಿ ಬಿಗಿಯುತ್ತದೆ. ಹಾಗಾದವರನ್ನು ಮತ್ತೆ ಆಸ್ಪತ್ರೆಗೆ ಒಯ್ದು, ಅರಿವಳಿಕೆ ಕೊಟ್ಟು ಬಲವಾಗಿ ಮಡಿಸಬೇಕಾಗುತ್ತದೆ. ಮನೆಯಲ್ಲಿ ಮಾಡುವುದಕ್ಕೆ ಯಾವ ಯಂತ್ರವೂ ಬೇಡ. ದೊಡ್ಡವ್ವನ ಪಡಸಾಲೆಗೆ ಕಡಪಾ ಕಲ್ಲು ಹಾಕಿಸಿದ್ದಾರೆ. ಕುರ್ಚಿಯಲ್ಲಿ ಕೂತು, ಆಪರೇಷನ್ ಆದ ಕಾಲಿನ ಕೆಳಗೊಂದು ಬಟ್ಟೆ ಹಾಕಿ, ಪಾದವನ್ನು ಕುರ್ಚಿಯ ಅಡಿಗೆ ಹಿಂದಕ್ಕೆ ಜಾರಿಸುತ್ತ ಹೋಗಬೇಕು. ನಿಂತುಹೋದಲ್ಲಿ ಚಲೋ ಕಾಲಿನ ಪಾದವನ್ನು ಅದರ ಮುಂದಿಟ್ಟು ಮೆಲ್ಲಗೆ ಇನ್ನಷ್ಟು ಒತ್ತಬೇಕು. ಹಿಡಿದುಕೊಂಡು ಎಣಿಸಿ, ಬಿಡಬೇಕು. ಕಲ್ಲಿನ ಮೇಲೆ ಸುಣ್ಣದ ಕಡ್ಡಿಯಿಂದ ಹೆಬ್ಬೆರಳ ಗುರುತು ಹಾಕಿದರೆ, ಇವತ್ತಿಗಿಂತ ನಾಳೆ ಒಂದು ಬೆರಳು ಹಿಂದೆ ಹೋದದ್ದು ಕಣ್ಣಿಗೆ ಕಾಣುತ್ತದೆ. ಅವ್ವನಿಗೆ ಫಿಜಿಯೋ ಮಾಡಿಸಿದ್ದು ಹೀಗೆ. ನೋವಿನ ಗುಳಿಗೆಯನ್ನು ವ್ಯಾಯಾಮಕ್ಕೆ ಅರ್ಧ ತಾಸು ಮೊದಲು ತಗೊಳ್ಳಬೇಕು. ಗುಳಿಗೆ ಉಳಿಸಿ ನೋವು ತಿನ್ನುವವರು ನಮ್ಮಲ್ಲಿ ಬಹಳ, ಅವರಿಂದ ಮಂಡಿ ಮಡಿಸಲಾಗುವುದಿಲ್ಲ.

“ಎಣ್ಣಿ ಹಚ್ಚಿ ತೀಡಿದರ ಸಡಲ ಆಗೂದಿಲ್ಲೇನು?” ದೊಡ್ಡಪ್ಪ ಕೇಳಿದರು. ಬ್ಯಾಡ ಅಂದೆ. ಹಸಿ ಗಾಯಕ್ಕೆ ಎಣ್ಣೆ ಬೇಡ, ಕಾವು ಬೇಡ, ಮೀನಖಂಡವನ್ನು ಗಟ್ಟಿಯಾಗಿ ತೀಡುವುದಂತೂ ಬೇಡವೇ ಬೇಡ. ಒಳಗೆ ಹೆಪ್ಪುಗಟ್ಟಿದ್ದರೆ ಅದು ಕಳಚಿ ಪುಪ್ಪುಸಕ್ಕೆ ಹೋಗಬಹುದು. ಊತಕ್ಕೆ ತಣ್ಣಗಿನದೇ ಮದ್ದು. ಫ್ರಿಜ್ಜಿನಲ್ಲಿಟ್ಟ ಪಾಕೀಟನ್ನು ಟವೆಲ್ಲಿನಲ್ಲಿ ಸುತ್ತಿ ಹದಿನೈದು ಇಪ್ಪತ್ತು ನಿಮಿಷ ಇಟ್ಟು ತೆಗೆಯುವುದು. ಊತ, ಬಿಸಿ ತಿಂಗಳುಗಟ್ಟಲೆ ಇದ್ದರೂ ಗಾಬರಿ ಬೇಡ. ಗಾಯದ ಹೊರಮಗ್ಗುಲಲ್ಲಿ ಚರ್ಮ ಜೋಮು ಹಿಡಿದಂತಿರುತ್ತದೆ, ನಡೆವಾಗ ಒಳಗೆ ಟಕ್ ಅನ್ನುತ್ತದೆ. ಎರಡೂ ಸಹಜ. ಆದರೆ ಮೀನಖಂಡ ಊದಿ ನೋಯುವುದು, ಎದೆನೋವು, ಏದುಸಿರು, ಚಳಿಜ್ವರ, ಹೊಲಿಗೆಯಲ್ಲಿ ನೀರೋ ಕೀವೋ ಕಂಡರೆ ಬೆಳಗಾಗಲಿ ಅಂತ ಕಾಯಬಾರದು. ರಾತ್ರಿಯೇ ಗಾಡಿ ಕಟ್ಟಬೇಕು.

ದುಡ್ಡಿನ ಮಾತೂ ಬಂತು. ಮಂಡಿಗೆ ಹಾಕುವ ಸಾಮಾನಿನ ಬೆಲೆಯನ್ನು 2017ರ ಆಗಸ್ಟಿನಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ ಕಟ್ಟಿಹಾಕಿತು. ಅಲ್ಲಿಯವರೆಗೆ ಸರಾಸರಿ ಒಂದೂವರೆ ಲಕ್ಷ ದಾಟಿದ್ದ ಕೋಬಾಲ್ಟ್ ಕ್ರೋಮಿಯಂ ಮಂಡಿಗೆ ಆಗ 54,720 ರೂಪಾಯಿಯ ಮಿತಿ ಬಂತು. ತೆರಿಗೆ ಬೇರೆ. ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಮನೆತನಕ್ಕೆ ವರ್ಷಕ್ಕೆ 5 ಲಕ್ಷದವರೆಗಿನ ಚಿಕಿತ್ಸೆ ಇದೆ. ಯಾವ ಆಸ್ಪತ್ರೆ, ಯಾವ ನಿಯಮ ಅನ್ನುವುದನ್ನು ಮೊದಲೇ ಕೇಳಿಕೊಳ್ಳಬೇಕು. ಸಾಮಾನು ಯಾವ ಕಂಪನಿಯದು, ಎಷ್ಟು ವರ್ಷ ಬಾಳುತ್ತದೆ ಅಂತ ಎಲ್ಲರೂ ಕೇಳುತ್ತಾರೆ. ಅದಕ್ಕೂ ಉತ್ತರ ಇದೆ: 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ದೊಡ್ಡ ಲೆಕ್ಕದ ಪ್ರಕಾರ ನೂರರಲ್ಲಿ 82 ಮಂಡಿಗಳು 25 ವರ್ಷವೂ ಬಾಳುತ್ತವೆ. ಆದರೆ ಫಿಜಿಯೋಥೆರಪಿ ಎಷ್ಟು ದಿನ, ಎಲ್ಲಿ, ಅದರ ಖರ್ಚು ಈ ಲೆಕ್ಕದೊಳಗೆ ಇದೆಯೋ ಹೊರಗೋ ಎಂದು ಕೇಳುವವರನ್ನು ನಾನು ಕಂಡದ್ದು ಕಡಿಮೆ. ನನ್ನ ಸಂಕಟ ಇರುವುದೇ ಇಲ್ಲಿ. ಬಿಡುಗಡೆಯ ದಿನ ಮಗ ಬಿಲ್ಲು ಕಟ್ಟುವ ಕಿಟಕಿಯಲ್ಲಿ ನಿಂತಿರುತ್ತಾನೆ, ಸೊಸೆ ಬಟ್ಟೆ ಪಾತ್ರೆ ಗಂಟು ಕಟ್ಟುತ್ತಿರುತ್ತಾಳೆ. ಅದೇ ಹೊತ್ತಿಗೆ ಫಿಜಿಯೋ ಬಂದು ಹೇಳಿದ್ದು ಯಾರ ಕಿವಿಗೂ ಬೀಳುವುದಿಲ್ಲ. ಚೀಟಿಯ ಕೊನೆಯಲ್ಲಿ ‘ಫಿಜಿಯೋಥೆರಪಿ ಮುಂದುವರಿಸಿ’ ಅಂತ ಒಂದು ಸಾಲು ಇರುತ್ತದೆ, ಇಂಗ್ಲಿಷಿನಲ್ಲಿ. ಊರಿಗೆ ಬಂದಮೇಲೆ ಅದನ್ನು ಓದುವವರು ಯಾರು?

ನಮಗೆ ಹತ್ತಿರದ ಲಕ್ಷ್ಮೇಶ್ವರದಿಂದ ಗದಗ ಸುಮಾರು 40 ಕಿಲೋಮೀಟರು, ಹುಬ್ಬಳ್ಳಿ ಅದಕ್ಕಿಂತ ದೂರ. ಗದಗದಲ್ಲಿ ಜಿಮ್ಸ್ ಆಸ್ಪತ್ರೆ, ಹುಬ್ಬಳ್ಳಿಯಲ್ಲಿ ಮಂದಿ ಕಿಮ್ಸ್ ಎಂದೇ ಕರೆಯುವ ಆಸ್ಪತ್ರೆ, ಧಾರವಾಡದ ಸತ್ತೂರಿನಲ್ಲಿ ಎಸ್‌ಡಿಎಂನವರ ಫಿಜಿಯೋಥೆರಪಿ ಕಾಲೇಜೇ ಇದೆ. ಕಲಿತವರು ನಮ್ಮ ಸುತ್ತ ಇಲ್ಲದಿಲ್ಲ. ಹೊಲಿಗೆ ಬಿಚ್ಚದ ಕಾಲು ಹಿಡಿದುಕೊಂಡು ದಿನ ಬಿಟ್ಟು ದಿನ ಅಷ್ಟು ದೂರ ಹೋಗಿಬರುವುದು ಯಾರಿಗೂ ಆಗದ ಮಾತು. ಹಾಗಾಗಿ ನನ್ನ ಮಟ್ಟಿಗೆ ಹಳ್ಳಿಯಲ್ಲಿ ಇದಕ್ಕೆ ಒಂದೇ ದಾರಿ: ರೋಗಿಯ ಜೊತೆ ಮನೆಯವರೊಬ್ಬರು ಆಪರೇಷನ್ನಿಗೆ ಮೊದಲೇ ಕಲಿತಿರಬೇಕು. ಫಿಜಿಯೋ ಮಾಡಿಸುವುದನ್ನು ಅವರ ಒಪ್ಪಿಗೆ ಕೇಳಿ ಮೊಬೈಲಿನಲ್ಲಿ ಹಿಡಿದಿಟ್ಟುಕೊಳ್ಳಬೇಕು. ವಾರಕ್ಕೊಮ್ಮೆ ವಿಡಿಯೋ ಕಾಲ್ ಮಾಡಿ ಕಾಲು ತೋರಿಸುವುದಕ್ಕೆ ಅವರನ್ನು ಒಪ್ಪಿಸಬೇಕು. ಹೀಗೆ ದೂರದಿಂದ ಮಾಡಿಸಿದ ವ್ಯಾಯಾಮವೂ ಎದುರಿಗೆ ಮಾಡಿಸಿದ್ದಕ್ಕೆ ಸಾಟಿಯಾಗುತ್ತದೆಂದು ಬೇರೆ ದೇಶಗಳಲ್ಲಿ ಪರೀಕ್ಷಿಸಿ ನೋಡಿದ್ದಾರೆ. ಸರ್ಕಾರಕ್ಕೂ ಕೇಳುವುದಿದೆ. ತಾಲೂಕಿಗೊಬ್ಬ ಫಿಜಿಯೋ ವಾರದ ದಿನ ಗೊತ್ತುಮಾಡಿಕೊಂಡು ಹಳ್ಳಿಗೆ ಬರಬೇಕು. ಮಂಡಿಯ ಬೆಲೆ ಇಳಿಸಿದವರು ಆ ಮಂಡಿಯನ್ನು ನಡೆಸುವವರನ್ನೂ ಕೊಡಬೇಕು.

“ಅದೆಲ್ಲಾ ಇರಲಿ, ನಾ ಲಿಂಗಪೂಜಿಗೆ ಹೆಂಗ ಕುಂದರಲಿ?” ದೊಡ್ಡವ್ವನ ಮನಸ್ಸಿನಲ್ಲಿ ಇಷ್ಟೊತ್ತು ಇದ್ದ ಪ್ರಶ್ನೆ ಇದೇ ಇರಬೇಕು.

ನೆಲದ ಬದುಕು ನಮ್ಮದು. ಒಂದು ಕಾಲು ಮಡಚಿ ಕೂತು ರೊಟ್ಟಿ ಬಡಿಯುವುದು, ಕುಕ್ಕರಗಾಲಲ್ಲಿ ಕೂತು ಹೊಲದ ಕಸ ತೆಗೆಯುವುದು, ಎಮ್ಮೆ ಹಿಂಡುವುದು, ಚಕ್ಕಳಮಕ್ಕಳ ಹಾಕಿ ಊಟ. ಹೊಸ ಮಂಡಿಗೆ ಕುಕ್ಕರಗಾಲು ಬೇಡವೆಂದೇ ಬಹಳ ಡಾಕ್ಟರುಗಳು ಹೇಳುತ್ತಾರೆ. ಚಕ್ಕಳಮಕ್ಕಳ ಕೆಲವರಿಗೆ ಬರುತ್ತದೆ, ಬಂದರೂ ದಿನಾ ಬೇಡ ಅನ್ನುತ್ತಾರೆ. ಆದರೆ ಪೂಜೆಗೆ ಅದರಿಂದ ತೊಡಕಿಲ್ಲ. ಇಷ್ಟಲಿಂಗ ಅಂಗೈಯಲ್ಲಿರುವುದು. ಕುರ್ಚಿಯ ಮೇಲೆ ಕೂತು ಕೈ ನೀಡಿದರೂ ಅದು ಅಂಗೈಯಲ್ಲೇ ಇರುತ್ತದೆ. ಲಕ್ಷ್ಮೇಶ್ವರದಲ್ಲಿ ನಮ್ಮ ಪರಿಚಯದ ಹಿರಿಯರೊಬ್ಬರು ಈಗ ಕುರ್ಚಿಯ ಮೇಲೆ ನಮಾಜು ಮಾಡುತ್ತಾರೆ, ಅವರ ಭಕ್ತಿಗೆ ಏನೂ ಕಡಿಮೆಯಾಗಿಲ್ಲ. ಒಲೆಯನ್ನು ಕಟ್ಟೆಗೆ ಏರಿಸಿದರೆ ನಿಂತು ರೊಟ್ಟಿ ಬಡಿಯಬಹುದು. ಎಮ್ಮೆ ಹಿಂಡುವುದನ್ನು ದೊಡ್ಡಪ್ಪನೋ ಮಗನೋ ಕಲಿಯಲಿ.

ಮನೆಯನ್ನೂ ಈಗಲೇ ಸಿದ್ಧ ಮಾಡಬೇಕು. ಪಾಯಖಾನೆಗೆ ಕಮೋಡ್ ಕುರ್ಚಿ, ಬಚ್ಚಲ ಗೋಡೆಗೆ ಹಿಡಿಕೆ, ಮಂಡಿಗಿಂತ ಎತ್ತರದ ಮಂಚ. ನೆಲದ ಮೇಲೆ ಹಾಸಿಬಿಟ್ಟ ಕೌದಿ, ಕಾಲಿಗೆ ತೊಡರುವ ವಾಯರು ಇರಕೂಡದು. ಬಚ್ಚಲ ಕಲ್ಲಿನ ಪಾಚಿ ತಿಕ್ಕಿಸಬೇಕು. ಹೊಸ್ತಿಲು, ಮೆಟ್ಟಿಲಿಗೆ ಬಂದಾಗ ಹತ್ತುವಾಗ ಚಲೋ ಕಾಲು ಮೊದಲು, ಇಳಿಯುವಾಗ ಆಪರೇಷನ್ ಕಾಲು ಮೊದಲು. ಕೋಲಿಗೆ ಬಂದಾಗ ಅದು ಆಪರೇಷನ್ ಆಗದ ಕಡೆಯ ಕೈಯಲ್ಲಿರಬೇಕು. ದೊಡ್ಡವ್ವ ಎರಡು ಸಲ ಬಾಯಿಪಾಠ ಹೇಳಿದಳು. ಬಸ್ಸು ಹತ್ತುವುದೂ ಇದೇ ಲೆಕ್ಕ, ಆದರೆ ಬಸ್ಸಿನ ಮೊದಲ ಮೆಟ್ಟಿಲು ಬಹಳ ಎತ್ತರ. ಡ್ರೈವರಿಗೆ ಕೂಗಿ ಹೇಳಿ, ಎರಡೂ ಕೈಯಲ್ಲಿ ಸರಳು ಹಿಡಿದೇ ಹತ್ತಬೇಕು. ಅದಕ್ಕೆ ಅವಸರವಿಲ್ಲ, ಮೊದಲು ಊರೊಳಗೆ ನಡೆಯಲಿ.

ಮಾತಾಡಿಸಲು ಬರುವವರಿಗೂ ನಾನೊಂದು ಕೆಲಸ ಗೊತ್ತುಮಾಡಿದೆ. ಬಿಸ್ಕೀಟು ಪುಡಿಕೆ ಇಟ್ಟು, “ಏಳ್ರಿ, ಗುಡಿಮಟಾ ಹೋಗಿ ಬರೂಣು” ಅನ್ನಬೇಕು. ದಿನಕ್ಕೆ ನಾಲ್ಕು ಮಂದಿ ಬಂದರೆ ನಾಲ್ಕು ಸಲ ನಡೆದಂತಾಯಿತು. ವಾಕರ್ ಹಿಡಿದು ಓಣಿಯಲ್ಲಿ ಹೋಗಲು ಹೆಂಗಸರು ನಾಚುತ್ತಾರೆ. ಜೊತೆಗೊಬ್ಬರಿದ್ದರೆ ಆ ನಾಚಿಕೆ ಅರ್ಧ ಕರಗುತ್ತದೆ.

ಒಳಗಿನಿಂದ ಸೊಸೆ ಬಂದು ನಿಂತು ಕೇಳುತ್ತಿದ್ದಳು. “ನಮ್ಮವ್ವಗೂ ಈಗ ಮಣಕಾಲು ಹಿಡದೈತ್ರೀ, ಐವತ್ತಾಗೇತಿ ಅಷ್ಟ. ಆಕಿಗೂ ಆಪರೇಷನ್ನ ಬೇಕಾ?” ಅಂದಳು. ಅದಕ್ಕೆ 2015ರ ಡೆನ್ಮಾರ್ಕಿನ ಒಂದು ಪರೀಕ್ಷೆಯ ಕತೆ ಹೇಳಿದೆ. ಆಪರೇಷನ್ ಮಾಡಬಹುದಾದ 100 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಆಪರೇಷನ್ ಮಾಡಿ ವ್ಯಾಯಾಮವನ್ನೂ ಮಾಡಿಸಿದರು. ಉಳಿದ 50 ಮಂದಿಗೆ ಬರೀ ವ್ಯಾಯಾಮ, ತೂಕ ಇಳಿಸುವ ಸಲಹೆ, ನೋವಿನ ಗುಳಿಗೆ. ನೋವು ಹೆಚ್ಚು ಇಳಿದದ್ದು ಆಪರೇಷನ್ ಆದವರಿಗೇ. ಆದರೆ ಎರಡನೆಯ ಗುಂಪಿನ 50ರಲ್ಲಿ ಒಂದು ವರ್ಷದೊಳಗೆ ಆಪರೇಷನ್ ಮಾಡಿಸಿಕೊಂಡವರು 13 ಮಂದಿ ಮಾತ್ರ. ಉಳಿದವರು ಕಾಯಲು ಒಪ್ಪಿದರು. ಐವತ್ತರ ಹೆಂಗಸು ಮೊದಲು ತೊಡೆಗೆ ಬಲ ತಂದುಕೊಳ್ಳಲಿ, ಆಮೇಲೆ ನೋಡೋಣ. ದೊಡ್ಡವ್ವನ ಬಲಗಾಲು ಆ ಘಟ್ಟ ದಾಟಿಬಿಟ್ಟಿದೆ, ಅದಕ್ಕೆ ಆಪರೇಷನ್ನೇ ಸರಿ.

“ಹಂಗಾರ ಎಂದ ಶುರು ಮಾಡೂದು?” ದೊಡ್ಡವ್ವ ಟವೆಲ್ ಸುರುಳಿಯನ್ನು ಎಡಗಾಲಿನ ಕೆಳಗಿಂದ ಬಲಗಾಲಿನ ಕೆಳಗೆ ಸರಿಸಿಕೊಳ್ಳುತ್ತ ಕೇಳಿದಳು.

“ನಾಳಿ ಮುಂಜಾನಿ ಬಸ್ಸಿಗೆ ಗದಗಿಗೆ ಹೋಗೂಣು. ಅಲ್ಲೆ ಫಿಜಿಯೋಗ ಒಮ್ಮೆ ತೋರಸೂಣು. ಎಕ್ಸರೇ, ಸಕ್ಕರಿ ಚೀಟಿ, ನುಂಗೂ ಗುಳಿಗಿ ಎಲ್ಲಾ ಒಂದ ಚೀಲದಾಗ ಹಾಕ್ಕೋ. ಸರಕಾರದ ಶಕ್ತಿ ಯೋಜನಿ ಬಂದಾಗಿಂದ ನಮ್ಮ ಹೆಂಗಸರಿಗೆ ಟಿಕೀಟಿನ ರೊಕ್ಕ ಇಲ್ಲ, ಆಧಾರ ಕಾರ್ಡ ಮರೀಬ್ಯಾಡ. ಸೊಸೀನೂ ಬರಲಿ, ಕಲಿಬೇಕಾದಾಕಿ ಆಕಿ.”

“ಮನ್ಯಾಗ ಅಡಗಿ?”

“ನಾ ಮಾಡತೀನಿ ಒಂದಿನ,” ದೊಡ್ಡಪ್ಪ ಅಂದರು.